ಹಾಲಾ ಎಲೆಯ ಹೆಣಿಗೆ: ಮೊದಲು ಎಳೆ, ಆಮೇಲೆ ವಿನ್ಯಾಸ

ಹವಾಯಿಯ ಲೌಹಾಲಾ, ಅಂದರೆ ಹಾಲಾ ಎಲೆಯ ಟೋಪಿಯೊಂದು ಕೈಗೆ ಸಿಕ್ಕರೆ ವಿನ್ಯಾಸವನ್ನು ಆಮೇಲೆ ನೋಡೋಣ. ಮೊದಲು ಯಾವುದಾದರೂ ಒಂದು ಎಳೆಯ ಮೇಲೆ ಹೆಬ್ಬೆರಳಾಡಿಸಿ. ನುಣುಪಾಗಿದೆಯೇ? ಪಕ್ಕದ ಎಳೆಯಷ್ಟೇ ಅಗಲವಿದೆಯೇ? ಅಂಚಿನಲ್ಲಿ ನಾರು ಎದ್ದಿದೆಯೇ? ಈ ಕಲೆಯಲ್ಲಿ ದೊಡ್ಡ ಪಾಲು ಕೆಲಸ ಹೆಣೆಯಲು ಕೂರುವ ಮುಂಚೆಯೇ ಮುಗಿದಿರುತ್ತದೆ. ವಸ್ತು ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಇದನ್ನು ಕಣ್ಣಿಗೆ ಕಲಿಸಲು ಕೈಯಿಂದ ಮಾಡಿ ನೋಡುವ ಕಾರ್ಯಾಗಾರಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಹಾಲಾ ನಮ್ಮ ಕೇದಗೆಯ ಕುಲಕ್ಕೇ ಸೇರಿದ ಮರ. ಎಲೆಯ ಎರಡೂ ಅಂಚಿನಲ್ಲಿ, ಜೊತೆಗೆ ಹಿಂಬದಿಯ ನಡುನರದ ಉದ್ದಕ್ಕೂ ಮುಳ್ಳು. ಮಂಗಳೂರು, ಉಡುಪಿ ಕಡೆಯವರಿಗೆ ಈ ಮುಳ್ಳಿನ ವಿಚಾರ ಬಿಡಿಸಿ ಹೇಳಬೇಕಿಲ್ಲ. ಕೇದಗೆ ಜಾತಿಯ ಮುಂಡೇವಿನ ಎಲೆ ತಂದು, ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ ಕಡುಬಿಗೆ ಮೂಡೆ ಕಟ್ಟುವ ಮನೆಗಳಲ್ಲಿ ಅದು ಪಳಗಿದ ಕೆಲಸ. ನಮ್ಮಲ್ಲಿ ಹಸಿ ಎಲೆ ಬಳಸಿದರೆ, ಹವಾಯಿಯಲ್ಲಿ ಸಾಮಾನ್ಯವಾಗಿ ಮರದಲ್ಲೇ ಒಣಗಿದ ಅಥವಾ ತಾನಾಗಿ ಉದುರಿದ ಕಂದು ಎಲೆಯನ್ನು ಆರಿಸುತ್ತಾರೆ. ಬುಡ, ತುದಿ ಕತ್ತರಿಸಿ, ಮುಳ್ಳಿನ ಅಂಚು ಸೀಳಿ ತೆಗೆದು, ಒದ್ದೆ ಬಟ್ಟೆಯಿಂದ ಧೂಳೊರೆಸುತ್ತಾರೆ. ಆಮೇಲೆ ಬೆರಳುಗಳ ನಡುವೆ ಎಳೆದೆಳೆದು ಮೆತ್ತಗೆ ಮಾಡಿ, ಒಂದರ ಮೇಲೊಂದು ಸುತ್ತಿ ದೊಡ್ಡ ಸುರುಳಿ ಕಟ್ಟಿಡುತ್ತಾರೆ. ಹೆಣೆಯುವ ಹೊತ್ತಿಗೆ ಸುರುಳಿ ಬಿಚ್ಚಿ, ಮರದ ಹಿಡಿಗೆ ಬ್ಲೇಡುಗಳನ್ನು ಸಮ ಅಂತರದಲ್ಲಿ ಕೂರಿಸಿದ ಉಪಕರಣದಿಂದ ಎಲೆಯನ್ನು ಒಂದೇ ಅಗಲದ ಎಳೆಗಳಾಗಿ ಸೀಳುತ್ತಾರೆ.

ಹೊಸಬರ ಕಾರ್ಯಾಗಾರಗಳಲ್ಲಿ ಈ ಸಿದ್ಧತೆಯನ್ನು ಗುರುಗಳೇ ಮುಗಿಸಿಟ್ಟು, ಸೀಳಿದ ಎಳೆಗಳನ್ನು ಕೈಗೆ ಕೊಡುವುದುಂಟು. ಸಮಯ ಕಡಿಮೆ, ಏನು ಮಾಡುವುದು. ಆದರೂ ಒಂದೇ ಒಂದು ಎಲೆಯನ್ನಾದರೂ ಮೊದಲಿಂದ ಸಿದ್ಧಮಾಡಲು ಬಿಡಿ ಎಂದು ಕೇಳಿಕೊಳ್ಳಿ. ಮುಳ್ಳು ತೆಗೆಯುವಾಗ ಕೈ ಸ್ವಲ್ಪ ಅತ್ತಿತ್ತ ಹೋದರೂ ಎಳೆ ಒಂದು ಕಡೆ ಸಪೂರವಾಗುತ್ತದೆ. ಹೆಣೆದ ಮೇಲೆ ಆ ಜಾಗದಲ್ಲೇ ಸಂದಿ ಬಿಡುತ್ತದೆ. ಇದನ್ನು ಒಮ್ಮೆ ಕಂಡವರಿಗೆ ಅಂಗಡಿಯಲ್ಲಿ ಚಾಪೆಯನ್ನು ಬೆಳಕಿಗೆ ಹಿಡಿದು ನೋಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಕಲಿಯುವವರ ಮೊದಲ ವಸ್ತು ಸಾಮಾನ್ಯವಾಗಿ ಕೈಪಟ್ಟಿ. ಹೆಣಿಗೆಯ ಕ್ರಮ ಸರಳ: ಒಂದರ ಮೇಲೆ, ಒಂದರ ಕೆಳಗೆ. ಕಷ್ಟವಿರುವುದು ಬಿಗಿಯಲ್ಲಿ. ಹೊಸಬರು ಎಳೆದು ಬಿಗಿಮಾಡುತ್ತಾರೆ, ಆಗ ಪಟ್ಟಿ ಸೊಟ್ಟಗಾಗುತ್ತದೆ. ಪಳಗಿದವರು ಎಳೆಯನ್ನು ಅದರ ಜಾಗಕ್ಕೆ ಸರಿಸಿ ಬೆರಳಿನಿಂದ ಒತ್ತುತ್ತಾರೆ, ಅಷ್ಟೇ. ಎಲೆ ಒಣಗಿ ಗಡಸಾದರೆ ತುಸು ನೀರು ಸವರಿ ಮುಂದುವರಿಯಬೇಕು.

ಟೋಪಿ ನೋಡುವಾಗ ತಲೆಯ ಮೇಲ್ಭಾಗದಿಂದ ಶುರುಮಾಡಿ. ಅಲ್ಲಿರುವ ಆರಂಭದ ಹೆಣಿಗೆಯನ್ನು ಪಿಕೊ ಎನ್ನುತ್ತಾರೆ. ಎಳೆಗಳೆಲ್ಲ ಅಲ್ಲಿಂದ ಹೊರಟು ಸುತ್ತಲೂ ಹರಡುತ್ತವೆ. ಟೋಪಿ ಅಗಲವಾಗುತ್ತ ಹೋದಂತೆ ಹೊಸ ಎಳೆ ಸೇರಿಸಲೇಬೇಕು. ಆ ಸೇರಿಕೆ ಎಲ್ಲಿದೆಯೆಂದು ಹುಡುಕಿ. ಸುಲಭಕ್ಕೆ ಸಿಗದಿದ್ದರೆ ಅದು ನುರಿತ ಕೈ. ಕೊನೆಗೆ ಅಂಚು: ಎಳೆಗಳ ತುದಿಗಳನ್ನು ಹಿಂದಕ್ಕೆ ಮಡಚಿ ಹೆಣಿಗೆಯೊಳಗೇ ಸೇರಿಸಿರಬೇಕು, ಕತ್ತರಿಸಿ ಹಾಗೇ ಬಿಟ್ಟಿರಬಾರದು. ಇಷ್ಟು ನೋಡಿದ ಮೇಲೆ ವಿನ್ಯಾಸ ನೋಡಬಹುದು. ತಿಳಿ ಮತ್ತು ಕಡು ಬಣ್ಣದ ಎಲೆಗಳನ್ನು ಬೆರೆಸಿ ಹೆಣೆಯುವ ಅನೋನಿ ಶೈಲಿಯಲ್ಲಿ ಗ್ಲ್ಯಾಡಿಸ್ ಕುಕಾನಾ ಗ್ರೇಸ್ ಹೆಸರಾದವರು. ಅಜ್ಜಿಯಿಂದ ಕಲಿತ ಆಕೆಗೆ 2010ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ಬಂತು. ಆಕೆಯ ಬಳಿ ಕಲಿತವರು ಈಗ ತಾವೇ ಕಲಿಸುತ್ತಿದ್ದಾರೆ.

ಟೋಪಿ ಈಚಿನದು, ಹೊರಗಿನವರು ಬಂದ ಮೇಲಿನದು. ಅದಕ್ಕೂ ಹಿಂದಿನಿಂದ ಈ ಎಲೆಯಲ್ಲಿ ಮಲಗುವ ಚಾಪೆ, ಬುಟ್ಟಿ, ಬೀಸಣಿಗೆ, ದೋಣಿಯ ಹಾಯಿ ಎಲ್ಲ ಆಗುತ್ತಿತ್ತು. ಗಂಡುಮರದ ಹೂಗೊಂಚಲನ್ನು ಸುತ್ತಿರುವ ಬಿಳಿ ಎಸಳುಗಳಿಂದಲೂ ಚಾಪೆ ಹೆಣೆಯುತ್ತಿದ್ದರು, ಅದು ಬಹಳ ನಯವಾದ ಚಾಪೆ. ನಮ್ಮ ಹೆಂಗಸರು ಜಡೆಗೆ ಮುಡಿಯುವ ಕೇದಗೆಯೂ ಗಂಡುಗಿಡದ ಅದೇ ಭಾಗ. ಸಂಗ್ರಹಾಲಯದಲ್ಲಿ ಅಂಥ ಚಾಪೆ ಕಂಡರೆ ಮುಂದೆ ಹೋಗುವ ಅವಸರ ಬೇಡ.

ಹವಾಯಿಗೆ ಪ್ರವಾಸ ಹೋದವರಿಗೆ ಕೋನಾ ಕರಾವಳಿ ಒಳ್ಳೆಯ ಜಾಗ. ಅಲ್ಲಿ ಹೆಂಗಸರು ಟೋಪಿ ಹೆಣೆದು ಅಂಗಡಿಗೆ ಕೊಟ್ಟು ದಿನಸಿ ತರುತ್ತಿದ್ದ ಕಾಲವಿತ್ತು. ಅಲ್ಲಿನ ಹೋಲುವಾಲೋವಾ ಊರಿನ ಕಿಮುರಾ ಕುಟುಂಬದ ಅಂಗಡಿ 1914ರದು. ಕೊಳ್ಳುವಾಗ ಎಲೆ ಎಲ್ಲಿಯದು, ಹೆಣೆದವರು ಯಾರು ಎಂದು ಕೇಳಿ. ಕೆಲಸದ ಮೇಲೆ ಅಭಿಮಾನವಿರುವವರು ಸಂತೋಷದಿಂದಲೇ ಹೇಳುತ್ತಾರೆ.

ಇನ್ನೊಂದು ಮಾತು ಮರದ ಬಗ್ಗೆ. 1995ರಲ್ಲಿ ಮಾವಿ ದ್ವೀಪದಲ್ಲಿ ಹಾಲಾ ಮರಗಳಿಗೆ ಹತ್ತುವ ಒಂದು ಶಲ್ಕಕೀಟ ಕಾಣಿಸಿಕೊಂಡು, ಮುಂದೆ ಬೇರೆ ದ್ವೀಪಗಳಿಗೂ ಹರಡಿತು. ಕೀಟ ಹತ್ತಿದ ಎಲೆಯಲ್ಲಿ ಹಳದಿ ಕಲೆ ಬೀಳುತ್ತದೆ, ಹೆಣಿಗೆಗೆ ಬೇಕಾದ ಗಟ್ಟಿತನ ಇರುವುದಿಲ್ಲ. ಆದ್ದರಿಂದ ದಾರಿಬದಿಯ ಮರದಿಂದ ಎಲೆ, ಸಸಿ ಕಿತ್ತು ಇನ್ನೊಂದು ದ್ವೀಪಕ್ಕೆ ಒಯ್ಯಬೇಡಿ. ಅಭ್ಯಾಸಕ್ಕೆ ಬೇಕಿದ್ದರೆ ಸಿದ್ಧಮಾಡಿದ ಎಲೆಯನ್ನು ಗುರುಗಳ ಬಳಿಯೇ ಕೇಳಿ ಪಡೆಯಿರಿ.