ಮುಕ್ತ ಆಟದ ಹೆಸರಿನಲ್ಲಿ ಪ್ರಸಂಗ

ಅಮೆರಿಕದ ‘ಮಿಲೇನಿಯಂ ಚಾಲೆಂಜ್ 2002’ ಸಮರಾಭ್ಯಾಸ ಈಗ ನೀತಿಕಥೆಯಾಗಿಬಿಟ್ಟಿದೆ. ಶತ್ರುವಿನ ಪಾತ್ರ ವಹಿಸಿದ ಕೆಂಪು ಪಡೆಯ ಮುಂದಾಳು, ನಿವೃತ್ತ ಲೆಫ್ಟಿನೆಂಟ್ ಜನರಲ್ ಪಾಲ್ ವ್ಯಾನ್ ರೈಪರ್, ಅಮೆರಿಕದ ಪಾತ್ರ ವಹಿಸಿದ ನೀಲಿ ಪಡೆಯ, ಕಂಪ್ಯೂಟರಿನೊಳಗಿನ ನೌಕಾಪಡೆಯ ಬಹುಪಾಲನ್ನು ಐದು ಹತ್ತು ನಿಮಿಷದಲ್ಲಿ ಮುಳುಗಿಸಿದರು. ಮೇಲಿನವರು ಹಡಗುಗಳನ್ನು ಮತ್ತೆ ತೇಲಿಸಿ ನೀಲಿಯನ್ನೇ ಗೆಲ್ಲಿಸಿದರು. ಕಥೆ ಹೇಳುವವರಿಗೆಲ್ಲ ಸಿಟ್ಟು ಬರುವುದು ಹಡಗು ತೇಲಿಸಿದ್ದಕ್ಕೆ. ನನ್ನ ತಕರಾರು ಆಟ ಹೂಡಿದ ರೀತಿಯ ಬಗ್ಗೆ.

25 ಕೋಟಿ ಡಾಲರ್, 13,500 ಮಂದಿ, ಮೂರು ವಾರ. ಯುದ್ಧದ ಒಂದು ಭಾಗ ಕಂಪ್ಯೂಟರಿನಲ್ಲಿ, ಉಳಿದದ್ದು ನಿಜವಾದ ಬಯಲಿನಲ್ಲಿ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ್ದರು. ಕೇಡು ಇರುವುದು ಆ ನೊಗದಲ್ಲೇ. ಪ್ಯಾರಾಚೂಟ್ ಬಿಗಿದುಕೊಂಡು ನಿಂತ 82ನೇ ಏರ್‌ಬೋರ್ನ್ ಡಿವಿಜನ್ನಿನ ಸೈನಿಕನನ್ನು, ತೆರೆಯ ಮೇಲೆ ಹಡಗು ಮುಳುಗಿತೆಂದು ಮನೆಗೆ ಕಳಿಸಲಾಗದು. ಹಾಗಾಗಿ ಹಡಗು ಎತ್ತಿದರು. ಇಷ್ಟರ ಮಟ್ಟಿಗೆ ನ್ಯಾಯವೇ. ಮೊದಲ ದಿನ ಸತ್ತವನನ್ನು ಬದುಕಿಸಿದರೆ ಉಳಿದ ದಿನಗಳಲ್ಲೂ ಕಲಿಯಬಹುದೆಂದು ಜನರಲ್ ಪೀಟರ್ ಪೇಸ್ ಕೊಟ್ಟ ಸಮರ್ಥನೆಯನ್ನು ನಾನು ಒಪ್ಪುತ್ತೇನೆ.

ಮುಂದಿನದನ್ನು ಒಪ್ಪಲಾರೆ. ವಾಯುರಕ್ಷಣೆಯ ಸಾಧನಗಳನ್ನು ನೀಲಿಯ ಕಣ್ಣಿಗೆ ಬೀಳುವಂತೆ ಇಡಿ, ಸೈನಿಕರನ್ನು ಹೊತ್ತು ಬರುವ ವಿಮಾನಗಳಿಗೆ ಹೊಡೆಯಬೇಡಿ ಎಂದು ಅಪ್ಪಣೆಯಾಯಿತೆಂಬುದು ವ್ಯಾನ್ ರೈಪರ್ ದೂರು; ಅವರು ನಾಯಕತ್ವವನ್ನೇ ಬಿಟ್ಟರು. ಹಡಗು ಎತ್ತುವುದೆಂದರೆ ಕಾಯಿಗಳನ್ನು ಮತ್ತೆ ಮನೆಗೆ ಜೋಡಿಸಿದಂತೆ. ಈ ಅಪ್ಪಣೆ ಎದುರಾಳಿಯ ಕೈ ಹಿಡಿದು ದಾಳ ಉರುಳಿಸಿದಂತೆ. ತಾಳಮದ್ದಳೆಯಲ್ಲಿ ಕೌರವನ ಅರ್ಥಧಾರಿ ಎಷ್ಟೇ ವಾದ ಗೆದ್ದರೂ ಪ್ರಸಂಗದ ಕೊನೆ ಬದಲಾಗದು. ಕೇಳುವವರಿಗೂ ಅದು ಗೊತ್ತು. ಇಲ್ಲಿ ಮುಕ್ತ ಆಟವೆಂದು ಸಾರಿ ಪ್ರಸಂಗ ಆಡಿಸಿದರು.

ಮಾಲ್ಕಮ್ ಗ್ಲಾಡ್‌ವೆಲ್ ತಮ್ಮ ‘ಬ್ಲಿಂಕ್’ ಪುಸ್ತಕದಲ್ಲಿ ಕೆಂಪು ಪಡೆಯ ದಾಳಿಯನ್ನು ಕ್ಷಣದಲ್ಲಿ ಹೊಳೆಯುವ ತೀರ್ಮಾನದ ಗೆಲುವಾಗಿ ಓದುತ್ತಾರೆ. ಅಂಥ ಹೊಳಹಿನ ಹಿಂದೆ ತಾಲೀಮು ಇರುತ್ತದೆಂದು ಒಪ್ಪಿಕೊಂಡರೂ ಅವರ ಒಲವೆಲ್ಲ ಹೊಳಹಿನ ಕಡೆಗೇ. ನನಗೆ ಕಾಣುವುದು ತಾಳ್ಮೆಯ ಲೆಕ್ಕಾಚಾರ. ಶರಣಾಗೆಂದು ನೀಲಿ ಕಳಿಸಿದ ಬೆದರಿಕೆಯನ್ನು ವ್ಯಾನ್ ರೈಪರ್ ಓದಿ, ಏಟು ಬೀಳುವುದು ಖಚಿತವೆಂದು ತಿಳಿದು, ಮೊದಲ ಏಟು ತಾವೇ ಹಾಕಿದರು. ರೇಡಿಯೊ ಮಾತನ್ನು ಕದ್ದು ಕೇಳುತ್ತಾರೆಂದು ಮೋಟಾರ್‌ಬೈಕಿನ ದೂತರ ಕೈಲಿ ಸುದ್ದಿ ಕಳಿಸಿದರು, ವಿಮಾನಗಳಿಗೆ ದೀಪದಿಂದ ಸನ್ನೆ ಮಾಡಿಸಿದರು. ಇದನ್ನು ಒಬ್ಬ ವೀರನ ಪ್ರತಿಭೆಯ ಕಥೆಯಾಗಿಸಿದರೆ ಆಟ ಹೂಡಿದವರು ಪಾರಾಗುತ್ತಾರೆ. ಗ್ಲಾಡ್‌ವೆಲ್ ಓದುಗರಿಗೆ ವ್ಯಾನ್ ರೈಪರ್ ನೆನಪಿರುತ್ತಾರೆ, ನೊಗ ನೆನಪಿರುವುದಿಲ್ಲ.

ನೊಗ ಬಿಚ್ಚಬೇಕಿತ್ತು. ಕಂಪ್ಯೂಟರಿನ ಯುದ್ಧವನ್ನು ಮೊದಲು, ಯಾರೂ ಕಾಯದಿರುವಾಗ, ಕೊನೆ ಮುಟ್ಟುವ ತನಕ ಹಲವು ಸಲ ಆಡಿ ನೋಡಬೇಕಿತ್ತು. ಬಯಲಿನ ಕವಾಯತನ್ನು ಆಮೇಲೆ, ಕವಾಯತೆಂದೇ ಕರೆದು ನಡೆಸಬಹುದಿತ್ತು. ಸೈನಿಕ ಪ್ಯಾರಾಚೂಟ್ ಬಿಗಿಯುವ ಹೊತ್ತಿಗೆ, ತನ್ನ ಹಡಗು ಹೇಗೆ ಮುಳುಗಬಹುದೆಂಬುದು ಅವನಿಗೆ ತಿಳಿದಿರಬೇಕು.