‘ನಿಲ್ ಬಟ್ಟೇ ಸನ್ನಾಟಾ’: ತಾಯಿಯ ಕನಸು, ಮಗಳ ಉತ್ತರ

ಮಕ್ಕಳ ಅಭ್ಯುದಯವನ್ನು ಬಯಸದ ತಾಯಿತಂದೆಯರು ವಿರಳ. ಆದರೆ ಆ ಬಯಕೆ ಎಲ್ಲಿಯವರೆಗೆ ವಾತ್ಸಲ್ಯ, ಎಲ್ಲಿಂದ ಮುಂದೆ ಬಲವಂತ ಎಂಬ ಎಲ್ಲೆಯನ್ನು ಗುರುತಿಸುವುದು ಸುಲಭಸಾಧ್ಯವಲ್ಲ. ಈ ಎಲ್ಲೆಯ ಮೇಲೆಯೇ ನಡೆಯುವ ಕಥೆಯೊಂದನ್ನು ನಗಿಸುತ್ತಲೇ ಹೇಳಿ, ಮನೆಗೆ ಮರಳಿದ ಮೇಲೂ ಯೋಚಿಸುವಂತೆ ಮಾಡುವ ಹಿಂದಿ ಚಲನಚಿತ್ರ ‘ನಿಲ್ ಬಟ್ಟೇ ಸನ್ನಾಟಾ’. 2016ರ ಏಪ್ರಿಲ್ 22ರಂದು ಭಾರತದಲ್ಲಿ ತೆರೆಕಂಡ ಇದು ಅಶ್ವಿನಿ ಅಯ್ಯರ್ ತಿವಾರಿ ಅವರ ನಿರ್ದೇಶನದ ಮೊದಲ ಚಿತ್ರ. ಚೊಚ್ಚಲ ನಿರ್ದೇಶನಕ್ಕೆ ಸಲ್ಲುವ ಫಿಲ್ಮ್‌ಫೇರ್ ಪ್ರಶಸ್ತಿಯೂ ಅವರಿಗೆ ದೊರೆಯಿತು. ಶೀರ್ಷಿಕೆಯು ಉತ್ತರ ಭಾರತದ ಆಡುಮಾತು. ಸೊನ್ನೆಯನ್ನು ಮೌನದಿಂದ ಭಾಗಿಸಿದಂತೆ ಎಂಬುದು ಅದರ ಅಕ್ಷರಾರ್ಥ. ಯಾವುದಕ್ಕೂ ಬಾರದವರು ಎಂಬುದು ರೂಢಿಯ ಅರ್ಥ.

ಕಥೆ ನಡೆಯುವುದು ಆಗ್ರಾ ನಗರದಲ್ಲಿ. ಚಂದಾ ಸಹಾಯ್ ಓದನ್ನು ಅರ್ಧದಲ್ಲಿ ಬಿಟ್ಟು ಮನೆಗೆಲಸ ಮಾಡಿ ಬದುಕುವ ಹೆಂಗಸು. ಪತಿಯಿಲ್ಲ, ಬಂಧುಬಳಗದ ಆಸರೆಯಿಲ್ಲ. ಇರುವವಳು ಒಬ್ಬಳೇ ಮಗಳು ಅಪೇಕ್ಷಾ. ಮಗಳು ಓದಿ ಮೇಲೆ ಬರಲಿ ಎಂಬುದು ತಾಯಿಯ ಏಕೈಕ ಆಶಯ. ಮಗಳಿಗಾದರೋ ಓದಿನಲ್ಲಿ ಆಸಕ್ತಿಯಿಲ್ಲ, ಗಣಿತವೆಂದರೆ ಭಯ. ವೈದ್ಯರ ಮಗು ವೈದ್ಯನಾಗುವಂತೆ ಮನೆಗೆಲಸದವಳ ಮಗಳು ಮನೆಗೆಲಸದವಳೇ ಆಗುವಳೆಂಬುದು ಆಕೆಯ ವಾದ. ಚಿತ್ರದ ನಿಜವಾದ ಪ್ರತಿಪಕ್ಷ ಈ ಮಾತೇ ಆಗಿದೆ. ಇಲ್ಲಿ ಖಳನಾಯಕನಿಲ್ಲ, ಹುಟ್ಟೇ ಹಣೆಬರಹವೆಂದು ಎಳೆಯ ಮನಸ್ಸು ಒಪ್ಪಿಕೊಂಡುಬಿಟ್ಟಿರುವುದೇ ಇಲ್ಲಿಯ ಸಂಕಟ.

ಮನೆಪಾಠಕ್ಕೆ ಕಳುಹಿಸಲು ಚಂದಾಳ ಬಳಿ ಹಣವಿಲ್ಲ. ಆಗ ಆಕೆ ಕೆಲಸಕ್ಕಿರುವ ಮನೆಯ ಯಜಮಾನಿ ಡಾ. ದಿವಾನ್ ವಿಚಿತ್ರವೆನಿಸುವ ಸಲಹೆಯೊಂದನ್ನು ನೀಡುತ್ತಾರೆ: ನೀನೇ ಶಾಲೆಗೆ ಸೇರಿ ಗಣಿತ ಕಲಿತು ಮಗಳಿಗೆ ಕಲಿಸು. ಹೀಗೆ ತಾಯಿ ಮಗಳ ತರಗತಿಗೇ ವಿದ್ಯಾರ್ಥಿನಿಯಾಗಿ ಬಂದು ಕೂರುತ್ತಾಳೆ. ಹಾಸ್ಯದ ಬುಗ್ಗೆ ಒಡೆಯುವುದು ಇಲ್ಲಿ. ಪಂಕಜ್ ತ್ರಿಪಾಠಿ ಅವರು ನಿರ್ವಹಿಸಿರುವ ಮುಖ್ಯೋಪಾಧ್ಯಾಯರ ಪಾತ್ರದ ಮಾತಿನ ಧಾಟಿ, ಅಂಗವಿನ್ಯಾಸಗಳು ನಗೆ ತರಿಸುತ್ತವೆ. ಆದರೂ ಆ ಪಾತ್ರವನ್ನು ಕೇವಲ ವಿದೂಷಕನ ಮಟ್ಟಕ್ಕೆ ಇಳಿಸಿಲ್ಲ. ಬಡತನವಾಗಲಿ, ಅನಕ್ಷರತೆಯಾಗಲಿ ಪರಿಹಾಸ್ಯದ ವಸ್ತುವಾಗುವುದಿಲ್ಲ. ನೋಯಿಸದೆ ನಗಿಸುವುದು ಕಲೆಯಲ್ಲಿಯೂ ಒಂದು ಸಂಯಮವೇ.

ತಾಯಿಯ ಈ ಹೆಜ್ಜೆಯಲ್ಲಿ ಶ್ಲಾಘನೀಯವಾದುದು ಅವಳ ವಿನಯ. ಉಪದೇಶ ಫಲಿಸದಿದ್ದಾಗ ಆಕೆ ಧ್ವನಿಯೇರಿಸುವುದಕ್ಕೇ ನಿಲ್ಲದೆ, ತನಗೆ ಬಾರದ ವಿದ್ಯೆಯ ಮುಂದೆ ತಾನೇ ಕಿರಿಯಳಾಗಿ ಕುಳಿತುಕೊಳ್ಳುತ್ತಾಳೆ. ಮಗಳ ವಯಸ್ಸಿನ ಸಹಪಾಠಿ ಅಮರ್‌ನಿಂದ ಲೆಕ್ಕ ಹೇಳಿಸಿಕೊಳ್ಳಲು ಆಕೆಗೆ ಸಂಕೋಚವಿಲ್ಲ. ಆದರೆ ಮಗಳ ದೃಷ್ಟಿಯಿಂದ ನೋಡಿದರೆ ಇದೇ ಹೆಜ್ಜೆ ಅತಿಕ್ರಮಣವೂ ಹೌದು. ಹದಿಹರೆಯದ ಬಾಲೆಗೆ ಮನೆಯಾಚೆ ತನ್ನದೆಂದು ಇದ್ದ ಏಕೈಕ ಸ್ಥಳ ಶಾಲೆ. ಅಲ್ಲಿಗೂ ತಾಯಿ ಬಂದುಬಿಟ್ಟಳು. ಅಪೇಕ್ಷಾಳ ಕೋಪವನ್ನು ಬರಿಯ ಉದ್ಧಟತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಸ್ವರಾ ಭಾಸ್ಕರ್ ಮತ್ತು ರಿಯಾ ಶುಕ್ಲಾ ಇಬ್ಬರೂ ಸಮತೂಕದಿಂದ ಅಭಿನಯಿಸಿರುವುದರಿಂದ ಪ್ರೇಕ್ಷಕನ ಮನಸ್ಸು ಒಂದೇ ಪಕ್ಷಕ್ಕೆ ವಾಲದೆ ಉಳಿಯುತ್ತದೆ.

ಚಿತ್ರದ ಅತ್ಯಂತ ವಿಚಾರಾರ್ಹ ಪ್ರಸಂಗ ಪಂದ್ಯದ್ದು. ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ಪಡೆದರೆ ನಾನು ಶಾಲೆ ಬಿಡುತ್ತೇನೆ ಎಂದು ತಾಯಿ ಮಾತು ಕೊಡುತ್ತಾಳೆ. ಮಗಳು ಹಟತೊಟ್ಟು ಓದಿ ಗೆಲ್ಲುತ್ತಾಳೆ. ಆದರೆ ಆ ಓದು ತಾಯಿಯನ್ನು ಶಾಲೆಯಿಂದ ಹೊರಗಟ್ಟುವುದಕ್ಕೆ ಮಾತ್ರ. ಮುಂದೆ ಓದುವ ಇಚ್ಛೆಯೇ ತನಗಿಲ್ಲವೆಂದು ಆಕೆ ಹೇಳಿದಾಗ ಚಂದಾ ಮತ್ತೆ ಶಾಲೆಗೆ ಬರುತ್ತಾಳೆ. ಕೊಟ್ಟ ಮಾತು ಇಲ್ಲಿ ಮುರಿಯಿತು. ಉದ್ದೇಶ ಒಳ್ಳೆಯದಾಗಿದ್ದರೆ ಮಕ್ಕಳಿಗೆ ಕೊಟ್ಟ ವಚನವನ್ನು ಮೀರಬಹುದೇ? ಚಿತ್ರವು ಈ ಪ್ರಶ್ನೆಯ ಮುಂದೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇದು ಅದರ ಕೊರತೆ. ಆದರೂ ದ್ವೇಷದಿಂದ ಕಲಿತ ವಿದ್ಯೆ ಅಂಕವನ್ನು ತರಬಲ್ಲುದೇ ಹೊರತು ಅರಿವನ್ನು ತರಲಾರದೆಂಬ ಸತ್ಯವನ್ನು ಅದು ಸ್ಪಷ್ಟವಾಗಿ ಕಾಣಿಸಿದೆ. ಪಂದ್ಯ, ಆಮಿಷ, ಹೋಲಿಕೆಗಳಿಂದ ಮಕ್ಕಳನ್ನು ಓದಿಸಲು ಹೊರಡುವ ಮನೆಗಳಿಗೆ ಇದು ಎಚ್ಚರಿಕೆಯ ಮಾತಾಗಬೇಕು.

ಇನ್ನೊಂದು ಪ್ರಸಂಗ ಮನಕಲಕುವಂತಹುದು. ಮಗಳ ಮನೆಪಾಠಕ್ಕೆಂದು ಚಂದಾ ಹಲವೆಡೆ ದುಡಿದು ಹಣ ಕೂಡಿಡುತ್ತಾಳೆ. ತಾಯಿಯನ್ನು ಅಪರಿಚಿತನೊಬ್ಬ ಮನೆಗೆ ತಲಪಿಸಿದ್ದನ್ನು ಕಂಡ ಮಗಳು ಅವಳ ಶೀಲವನ್ನೇ ಶಂಕಿಸಿ, ಆ ಹಣವನ್ನು ಗೆಳೆಯರೊಡನೆ ತಿಂಡಿ ಬಟ್ಟೆಗಳಿಗೆ ವ್ಯಯ ಮಾಡುತ್ತಾಳೆ. ಹೋದ ಹಣಕ್ಕಿಂತ ದೊಡ್ಡ ನಷ್ಟ ಹೋದ ವಿಶ್ವಾಸ. ಗಂಡಸಿನ ಆಸರೆಯಿಲ್ಲದೆ ದುಡಿಯುವ ಹೆಂಗಸನ್ನು ಸಮಾಜ ಯಾವ ಕಣ್ಣಿನಿಂದ ನೋಡುತ್ತದೆಯೋ, ಅದೇ ಕಣ್ಣು ಹೆತ್ತ ಮಗಳಿಗೂ ಬಂದುಬಿಟ್ಟಿದೆ. ಪರೀಕ್ಷಿಸದೆ ಆಡಿದ ಒಂದು ಮಾತು ಎಂತಹ ಹಿಂಸೆಯಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ. ಅಪೇಕ್ಷಾಳ ಪರಿವರ್ತನೆಯೂ ಬೋಧನೆಯಿಂದಾಗಲಿ ಪಂದ್ಯದಿಂದಾಗಲಿ ಆಗುವುದಿಲ್ಲ. ತಾಯಿ ಪಟ್ಟ ಶ್ರಮದ ನಿಜ ತಿಳಿದಾಗ ಆಗುತ್ತದೆ. ಮನೆಯ ಕಷ್ಟವನ್ನು ಮಕ್ಕಳಿಂದ ಮುಚ್ಚಿಡುವುದು ವಾತ್ಸಲ್ಯವೆಂದು ನಾವು ಭಾವಿಸುತ್ತೇವೆ. ಹಾಗೆ ಮುಚ್ಚಿಟ್ಟ ಕಡೆಯಲ್ಲಿಯೇ ಅನುಮಾನ ಬೇರೂರುತ್ತದೆ ಎನ್ನುತ್ತದೆ ಈ ಚಿತ್ರ.

ಮುಕ್ತಾಯದ ಬಗ್ಗೆ ನನಗೊಂದು ಆಕ್ಷೇಪವಿದೆ. ವರ್ಷಗಳ ನಂತರ ಅಪೇಕ್ಷಾ ಐಎಎಸ್ ಸಂದರ್ಶನಕ್ಕೆ ಕುಳಿತು, ಮನೆಗೆಲಸದವಳಾಗಲು ಇಷ್ಟವಿಲ್ಲದ್ದರಿಂದ ಈ ದಾರಿ ಹಿಡಿದೆನೆಂಬ ಅರ್ಥದ ಉತ್ತರ ಕೊಡುತ್ತಾಳೆ. ಪ್ರೇಕ್ಷಕರ ಕಣ್ಣು ಹನಿಗೂಡುತ್ತದೆ, ನಿಜ. ಆದರೆ ಯಾವ ದುಡಿಮೆ ತಾಯಿ ಮಗಳಿಬ್ಬರನ್ನೂ ಸಾಕಿತೋ ಅದು ತಪ್ಪಿಸಿಕೊಳ್ಳಬೇಕಾದ ಹೀನಸ್ಥಿತಿಯಾಗಿ ಮಾತ್ರ ಉಳಿಯಬೇಕೇ? ಆಯ್ಕೆಯಿಲ್ಲದಿರುವುದು ದುಃಖಕರ, ಪಾತ್ರೆ ತೊಳೆಯುವುದು ಅವಮಾನಕರವಲ್ಲ. ಈ ಭೇದವನ್ನು ಚಿತ್ರ ಇನ್ನಷ್ಟು ಸ್ಪಷ್ಟಪಡಿಸಬಹುದಿತ್ತು. ಜಿಲ್ಲಾಧಿಕಾರಿಯ ಹುದ್ದೆ ತಲಪದ ಸಾವಿರಾರು ಮಕ್ಕಳ ಓದು ವ್ಯರ್ಥವಲ್ಲವೆಂಬ ಸೂಚನೆ ಮಾತ್ರ ಒಂದು ಕಡೆ ದೊರೆಯುತ್ತದೆ: ಚಂದಾ ಕೊನೆಯಲ್ಲಿ ಬಡ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿರುತ್ತಾಳೆ. ಮಗಳಿಗಾಗಿ ಕಲಿತದ್ದು ಈಗ ಅವಳದೇ ಸ್ವತ್ತಾಗಿ, ಪರರಿಗೂ ಹಂಚಿಕೆಯಾಗಿದೆ. ನನ್ನ ಮಟ್ಟಿಗೆ ಚಿತ್ರದ ನಿಜವಾದ ಜಯ ಇದು.

ಇದೇ ಕಥೆ 2016ರಲ್ಲಿ ತಮಿಳಿನಲ್ಲಿ ‘ಅಮ್ಮ ಕಣಕ್ಕು’ ಎಂದೂ, 2017ರಲ್ಲಿ ಮಲಯಾಳದಲ್ಲಿ ‘ಉದಾಹರಣಂ ಸುಜಾತ’ ಎಂದೂ ಮರುರೂಪ ಪಡೆಯಿತು. ಒಂದು ಊರಿನ ಕಥೆ ಬೇರೆ ಭಾಷೆಗಳಿಗೂ ಒಗ್ಗಿದ್ದು ಅದರಲ್ಲಿರುವ ಸಂಕಟ ಎಲ್ಲೆಡೆಯದಾದ್ದರಿಂದ.

ವಿದ್ಯಾರ್ಥಿವೇತನ, ವಸತಿನಿಲಯಗಳ ವ್ಯವಸ್ಥೆ ನಡೆಸುವ ಹಿರಿಯರು ಡಾ. ದಿವಾನ್ ಪಾತ್ರವನ್ನು ವಿಶೇಷವಾಗಿ ಗಮನಿಸಬೇಕು. ಆ ಪಾತ್ರದ ಸಲಹೆ ಚಂದಾಳಿಗೆ ಕೊಟ್ಟದ್ದು ಅವಳೂ ಕಲಿಯಬಲ್ಲಳೆಂಬ ನಂಬಿಕೆಯನ್ನು. ದಾನ ಕೊಡುವ ಕೈ ಪಡೆಯುವವರನ್ನು ಸಮಾನರೆಂದು ಕಂಡಾಗ ಮಾತ್ರ ಇಂತಹ ನಂಬಿಕೆ ಹುಟ್ಟುತ್ತದೆ. ಮಕ್ಕಳೊಡನೆ ಕುಳಿತು ನೋಡಲು ಯೋಗ್ಯವಾದ ಚಿತ್ರವಿದು. ನೋಡಿದ ಮೇಲೆ ಮಕ್ಕಳಿಗೆ ನೀತಿ ಹೇಳುವ ಆತುರ ಬೇಡ. ಅವರು ಏನು ಹೇಳುವರೆಂದು ಮೊದಲು ಕೇಳೋಣ.