ಗಾಳಕ್ಕೆ ಬಿದ್ದ ಮರಳು

ತಮಿಳಿನ ಮಣಲ್, ನಮ್ಮ ಹಳಗನ್ನಡದ ಮಳಲ್, ಎರಡೂ ಮರಳೇ. ಹೆಸರಿನಲ್ಲೇ ಮರಳಿನ ಸದ್ದಿರುವ ಮಣಲಿ ಈಗ ಉತ್ತರ ಚೆನ್ನೈನ ತೈಲಾಗಾರ, ಗೊಬ್ಬರ ಕಾರ್ಖಾನೆಗಳ ಊರು. ಅಲ್ಲಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಎಣ್ಣೂರು ರಸ್ತೆ. ಒಂದು ಬದಿಗೆ ಬಂದರಿಗೆ ಹೊರಟ ಕಂಟೇನರ್ ಲಾರಿಗಳು, ಇನ್ನೊಂದು ಬದಿಗೆ ಬಂಡೆಗಲ್ಲಿನ ರಾಶಿ, ಅದರಾಚೆ ಬಂಗಾಳ ಕೊಲ್ಲಿ. ಅಲ್ಲಲ್ಲಿ ಕಲ್ಲಿನ ಸಾಲು ನೀರೊಳಕ್ಕೆ ಚಾಚಿಕೊಂಡಿದೆ. ಇಂಜಿನಿಯರುಗಳ ಕಡತದಲ್ಲಿ ಅದು ‘ಗ್ರಾಯ್ನ್’. ಮೀನುಗಾರರ ಬಾಯಲ್ಲಿ ‘ತೂಂಡಿಲ್ ವಳೈವು’, ಅಂದರೆ ಗಾಳದ ಬಾಗು. ಈ ಗಾಳಕ್ಕೆ ಬೀಳುವುದು ಮರಳು.

ಪೂರ್ವ ಕರಾವಳಿಯ ಮರಳು ಇದ್ದಲ್ಲಿ ಇರುವಂಥದ್ದಲ್ಲ. ನೈಋತ್ಯ ಮುಂಗಾರಿನ ಅಲೆಗಳು ಅದನ್ನು ಉತ್ತರಕ್ಕೆ ತಳ್ಳುತ್ತವೆ, ಈಶಾನ್ಯ ಮಾರುತ ತುಸು ಹಿಂದಕ್ಕೆ ತರುತ್ತದೆ. ವರ್ಷದ ಲೆಕ್ಕ ಚುಕ್ತಾ ಮಾಡಿದರೆ ಲಕ್ಷಾಂತರ ಘನಮೀಟರ್ ಉತ್ತರಕ್ಕೇ ಸಾಗಿರುತ್ತದೆ. 1876ರ ಸುಮಾರಿಗೆ ಮದ್ರಾಸ್ ಬಂದರಿನ ಗೋಡೆಗಳು ಈ ಓಟಕ್ಕೆ ಅಡ್ಡ ಬಂದವು. 1881ರ ಚಂಡಮಾರುತ ಅವನ್ನು ಕೆಡವಿತು, ಮತ್ತೆ ಕಟ್ಟಿದರು. ದಕ್ಷಿಣದಲ್ಲಿ ಮರಳು ಜಮೆಯಾಗತೊಡಗಿತು. 1884ರಲ್ಲಿ ಗವರ್ನರ್ ಗ್ರಾಂಟ್ ಡಫ್ ‘ಮರೀನಾ’ ಎಂದು ಹೆಸರಿಟ್ಟ ದಾರಿಯ ಮುಂದೆ ದಂಡೆ ಅಗಲವಾಗುತ್ತಲೇ ಹೋಯಿತು. ಉತ್ತರದ ರಾಯಪುರದ ಕಡೆ 1975ರ ಹೊತ್ತಿಗೆ ಅಂದಾಜು 500 ಮೀಟರ್ ದಂಡೆ ಕಡಲುಪಾಲಾಗಿತ್ತು. ಸುಂಡಲ್ ಪೊಟ್ಟಣ ಹಿಡಿದು ಮರೀನಾದಲ್ಲಿ ನೀರಿನವರೆಗೆ ನಡೆದು ಕಾಲು ಸೋತವರು, ರಾಯಪುರಕ್ಕೆ ಸೇರಬೇಕಿದ್ದ ಮರಳಿನ ಮೇಲೆ ನಡೆದಿರುತ್ತಾರೆ.

ಸಮುದ್ರ ಮಟ್ಟ ಏರುತ್ತಿರುವುದು ನಿಜ. 1901ರಿಂದ 2018ರೊಳಗೆ ಜಗತ್ತಿನ ಸರಾಸರಿ ಏರಿಕೆ ಸುಮಾರು 20 ಸೆಂಟಿಮೀಟರ್. ಆದರೆ ಇಲ್ಲಿಯ ಕೊರೆತವನ್ನೆಲ್ಲ ಅದರ ತಲೆಗೆ ಕಟ್ಟಿದರೆ ಬಂದರು ಸುಲಭವಾಗಿ ಪಾರಾಗಿಬಿಡುತ್ತದೆ.

2004ರ ಹೊತ್ತಿಗೆ ರಾಯಪುರ–ಎಣ್ಣೂರು ನಡುವೆ ಹತ್ತು ಗ್ರಾಯ್ನ್‌ಗಳು ಎದ್ದವು. ಕೆಲಸ ಕೆಟ್ಟದ್ದೆಂದು ಹೇಳಲಾಗದು. ರಸ್ತೆ ಉಳಿದಿದೆ; ಎರಡು ಗೋಡೆಗಳ ನಡುವಿನ ಮಡಿಲಲ್ಲಿ ಮರಳು ತುಂಬಿ, ದೋಣಿ ಎಳೆದಿಡಲು, ಬಲೆ ಹರವಲು ಒಂದಿಷ್ಟು ಜಾಗ ಸಿಕ್ಕಿದೆ. ಕಾಯಬೇಕಾದ್ದು ರಸ್ತೆಯೊಂದೇ ಆಗಿದ್ದರೆ ಪೂರ್ತಿ ಅಂಕ ಕೊಡಬಹುದಿತ್ತು. ಆದರೆ ಗೋಡೆ ಮರಳನ್ನು ಹುಟ್ಟಿಸುವುದಿಲ್ಲ, ಹಾದು ಹೋಗುವುದನ್ನು ಹಿಡಿದಿಡುತ್ತದೆ. ಕೊನೆಯ ಗೋಡೆಯಾಚೆಗಿನ ಕುಪ್ಪಕ್ಕೆ, ಅಂದರೆ ಮೀನುಗಾರರ ಕೇರಿಗೆ, ಸಿಗುವುದು ಮರಳಿಲ್ಲದ ಹಸಿದ ಅಲೆ. ಬಂದರು ಮಾಡಿದ್ದನ್ನೇ ಗ್ರಾಯ್ನ್ ಚಿಕ್ಕ ಪ್ರಮಾಣದಲ್ಲಿ ಮಾಡುತ್ತದೆ.

ಕನ್ನಡ ಓದುಗರಿಗೆ ಇದು ಹೊಸದೇನಲ್ಲ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಕಡಲಿಗೆ ಕಲ್ಲೂ ಬಿತ್ತು, ನೀರಡಿಯ ದಿಬ್ಬಗಳೂ ಬಂದವು. ಆಮೇಲಿನ ಮಳೆಗಾಲಗಳಲ್ಲಿ ದಕ್ಷಿಣಕ್ಕಿರುವ ಸೋಮೇಶ್ವರ, ಉಚ್ಚಿಲದ ತೀರ ಕುಸಿಯುವ ಸುದ್ದಿ ಪತ್ರಿಕೆಗಳಲ್ಲಿ ಬರತೊಡಗಿತು.

ಬೇರೆ ದಾರಿ ಇಲ್ಲವೆಂದಲ್ಲ. 1933ರಲ್ಲಿ ತೆರೆದ ವಿಶಾಖಪಟ್ಟಣದ ಬಂದರು ತನ್ನ ಬಾಯಿಯ ಹತ್ತಿರ ಹಳೆಯ ಹಡಗುಗಳನ್ನೇ ಮುಳುಗಿಸಿ ಮರಳಿಗೆ ಬೋನು ಕಟ್ಟಿತು. ಅಲ್ಲಿ ಸೇರಿದ್ದನ್ನು ಡ್ರೆಜರ್‌ನಿಂದ ಎತ್ತಿ ಊರಿನ ದಂಡೆಗೆ ಸುರಿಯುವ ರೂಢಿ ಬೆಳೆಯಿತು. ಬಂದರಿನ ಗೋಡೆಗಳು ಎದ್ದ ಮೇಲೆ ದಂಡೆ ಕಳೆದುಕೊಂಡಿದ್ದ ಪುದುಚೇರಿಯಲ್ಲಿ, ಚೆನ್ನೈನದೇ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಯೋಜನೆಯಂತೆ 2018ರಲ್ಲಿ ಬೆಣೆಯಾಕಾರದ ಉಕ್ಕಿನ ದಿಬ್ಬವನ್ನು ನೀರಿಗಿಳಿಸಿದರು. ನಗರದ ಮುಂದೆ ಮರಳು ಮರಳಿತು. ಇಂಥ ವಿದ್ಯೆ ಮನೆಯಲ್ಲೇ ಇದ್ದೂ ಉತ್ತರ ಚೆನ್ನೈಗೆ ಮತ್ತೆ ಮತ್ತೆ ಕಲ್ಲನ್ನೇ ಸುರಿಯಲಾಗಿದೆ. ಕಲ್ಲು ಹಾಕಿದರೆ ಕೆಲಸ ಕಣ್ಣಿಗೆ ಕಾಣುತ್ತದೆ, ಬಿಲ್ಲೂ ಒಮ್ಮೆಗೇ ಮುಗಿಯುತ್ತದೆ. ಮರಳು ಸಾಗಿಸುವುದೆಂದರೆ ವರ್ಷವರ್ಷವೂ ಖರ್ಚು.

ಗೋಡೆ ಬೇಡವೆಂದು ಮೀನುಗಾರರೆಲ್ಲ ಒಂದೇ ದನಿಯಲ್ಲಿ ಹೇಳುತ್ತಾರೆಂದು ಬರೆಯಲು ಬರುವಂತಿಲ್ಲ. ಪಕ್ಕದ ಕುಪ್ಪಕ್ಕೆ ತೂಂಡಿಲ್ ವಳೈವು ಬಂದ ಮೇಲೆ ಅಲೆ ತಮ್ಮ ಹೊಸ್ತಿಲಿಗೆ ಬಂದವರು ಮನವಿ ಹಿಡಿದು ಕಲೆಕ್ಟರ್ ಕಚೇರಿಗೆ ಹೋಗುತ್ತಾರೆ. ಮನವಿಯಲ್ಲಿ ಅವರು ಕೇಳುವುದೂ ತೂಂಡಿಲ್ ವಳೈವನ್ನೇ.